ಆಟದಲ್ಲಿ ಹಾರುವ ಮಿಗ್-21 ಎಷ್ಟು ನಿಜ ಅಂತ ತಿಳಿಯೋದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಎರಡು ವರ್ಷ ವಾರ್ ಥಂಡರ್ ಅನ್ನುವ ಯುದ್ಧದ ಆಟ ಆಡಿ, ಈಗ ಯುದ್ಧವಿಮಾನ ಸಿಮ್ಯುಲೇಟರ್ ಡಿಸಿಎಸ್ ವರ್ಲ್ಡ್‌ನಲ್ಲಿ ಮಿಗ್-21ರ ಬಿಸ್ ಮಾದರಿ ಹಾರಿಸುತ್ತಿದ್ದೇನೆ. ಒಬ್ಬ ಗೆಳೆಯ ಏಸ್ ಕಾಂಬ್ಯಾಟ್ 7 ತೋರಿಸಿ, "ಇದರ ಗ್ರಾಫಿಕ್ಸ್ ಮುಂದೆ ನಿನ್ನದು ಏನೂ ಅಲ್ಲ" ಅಂತಾನೆ. ಇನ್ನೊಬ್ಬ, "ಹಾರಿಸೋಕೆ ಕಷ್ಟ ಆದಷ್ಟೂ ಅದು ನಿಜ" ಅಂತಾನೆ. ವಾಯುಪಡೆಯಲ್ಲಿ ಮಿಗ್-21ರ ನಿರ್ವಹಣೆ ಮಾಡಿ ನಿವೃತ್ತರಾದ ನನ್ನ ಚಿಕ್ಕಪ್ಪ ಐದು ನಿಮಿಷ ನೋಡಿ, "ಇದು ನಮ್ಮ ವಿಮಾನ ಅಲ್ಲ ಕಣೋ, ಸದ್ದೇ ಬೇರೆ" ಅಂದುಬಿಟ್ಟರು. ದೂರದ ವಿಮಾನಗಳಂತೂ ನನಗೆ ಕಾಣಿಸುವುದೇ ಇಲ್ಲ. ಇಳಿಯುವಾಗ ವಿಮಾನ ಮೇಲೆ ಕೆಳಗೆ ತೂಗಾಡುತ್ತದೆ. 24 ಇಂಚಿನ ಮಾನಿಟರ್ ಇದೆ, ಹಾರಿಸುವುದು ಕೀಬೋರ್ಡ್ ಮತ್ತು ಮೌಸ್‌ನಲ್ಲಿ. ಇಂಟರ್ನ್‌ಶಿಪ್‌ನಲ್ಲಿ ಉಳಿಸಿದ 60 ಸಾವಿರ ರೂಪಾಯಿ ಕೈಯಲ್ಲಿದೆ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಸರಿಹೋಗುತ್ತಾ? ಯಾವ ಆಟ ನಿಜಕ್ಕೆ ಹತ್ತಿರ ಅಂತ ಅಳೆಯುವುದು ಹೇಗೆ?

ಉತ್ತರ: ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಆ 60 ಸಾವಿರವನ್ನು ಈ ವಾರ ಖರ್ಚು ಮಾಡಬೇಡಿ. ನೀವು ಬರೆದ ತೊಂದರೆಗಳಲ್ಲಿ ಹೆಚ್ಚಿನವು ಗ್ರಾಫಿಕ್ಸ್ ಕಾರ್ಡ್‌ನಿಂದ ಬಂದವಲ್ಲ.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಕಲಸಿಕೊಂಡಿವೆ. ಚಿತ್ರ ಚೆನ್ನಾಗಿದೆಯೇ ಅನ್ನುವುದು ಒಂದು. ಆ ಚಿತ್ರ ಪೈಲಟ್‌ಗೆ ಬೇಕಾದ ಮಾಹಿತಿ ಕೊಡುತ್ತದೆಯೇ ಅನ್ನುವುದು ಎರಡನೆಯದು. ವಿಮಾನ ಗಾಳಿಯಲ್ಲಿ ಸರಿಯಾಗಿ ನಡೆದುಕೊಳ್ಳುತ್ತದೆಯೇ ಅನ್ನುವುದು ಮೂರನೆಯದು. ನಿಮ್ಮ ಮೊದಲನೇ ಗೆಳೆಯ ಮೊದಲನೆಯದನ್ನು ಮಾತ್ರ ನೋಡುತ್ತಿದ್ದಾನೆ. ಎರಡನೆಯವನು ಮೂರನೆಯದರ ಬಗ್ಗೆ ತಪ್ಪು ತಿಳಿದಿದ್ದಾನೆ. ಚಿಕ್ಕಪ್ಪನವರು ಇವೆರಡೂ ಅಲ್ಲದ ಮಾತು ಹೇಳಿದ್ದಾರೆ. ಅವರ ಮಾತಿಗೆ ಬೆಲೆ ಇದೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನಾನು ಬಹಳ ವರ್ಷ ತರಬೇತಿ ಸಿಮ್ಯುಲೇಟರ್‌ಗಳ ದೃಶ್ಯ ವಿಭಾಗದಲ್ಲಿ ಕೆಲಸ ಮಾಡಿದವನು. ಕಿಟಕಿಯ ಆಚೆ ಪೈಲಟ್‌ಗೆ ಕಾಣುವ ನೆಲ, ಮೋಡ, ರನ್‌ವೇ ಕಟ್ಟುವುದು ನಮ್ಮ ಕೆಲಸ. ಶುರುವಿನಲ್ಲಿ ಒಂದು ರನ್‌ವೇ ಕಟ್ಟಿದ್ದೆವು. ನುಣುಪಾದ ಕಾಂಕ್ರೀಟ್, ಒಳ್ಳೆಯ ಬೆಳಕು, ಸುತ್ತ ಹಸಿರು. ನೋಡೋಕೆ ಬಹಳ ಚೆನ್ನಾಗಿತ್ತು. ಪರೀಕ್ಷೆಗೆ ಬಂದ ಹಿರಿಯ ಪೈಲಟ್ ಮೂರು ಸಲ ಇಳಿಸಿದರು, ಮೂರು ಸಲವೂ ದಬ್ ಅಂತ ಬಿತ್ತು. ಅವರು ನಮ್ಮ ಕಡೆ ತಿರುಗಿ, "ನೆಲ ಎಲ್ಲಿದೆ ಅಂತಲೇ ಗೊತ್ತಾಗ್ತಿಲ್ಲ" ಅಂದರು. ಆ ರಾತ್ರಿ ಕೂತು ರನ್‌ವೇ ಮೇಲೆ ಟೈರ್ ಉಜ್ಜಿದ ಕಪ್ಪು ಗುರುತುಗಳನ್ನು ಹಾಕಿದೆವು. ಕಾಂಕ್ರೀಟ್ ಹಲಗೆಗಳ ನಡುವೆ ಗೆರೆ ಎಳೆದೆವು. ಅಂಚಿನಲ್ಲಿ ಒಣಹುಲ್ಲಿನ ಗಿಡ್ಡ ಪೊದೆಗಳನ್ನು ಇಟ್ಟೆವು. ಚಿತ್ರ ಮೊದಲಿಗಿಂತ ಕೊಳಕಾಯಿತು. ಮಾರನೇ ದಿನ ಅದೇ ಪೈಲಟ್ ಮೊದಲ ಸಲಕ್ಕೇ ಮೆತ್ತಗೆ ಇಳಿಸಿದರು.

ಎತ್ತರ ಮತ್ತು ವೇಗವನ್ನು ನಮ್ಮ ಕಣ್ಣು ಅಳೆಯುವುದು ಹೀಗೆ. ಗೊತ್ತಿರುವ ಗಾತ್ರದ ಸಣ್ಣ ವಸ್ತುಗಳು ಪಕ್ಕದಲ್ಲಿ ಎಷ್ಟು ಬೇಗ ಜಾರಿಹೋಗುತ್ತವೆ ಅನ್ನುವುದರ ಮೇಲೆ. ಆದ್ದರಿಂದ ಯಾವುದೇ ಆಟದ ಗ್ರಾಫಿಕ್ಸ್ ನೋಡುವಾಗ ನಿಂತ ಚಿತ್ರ ನೋಡಬೇಡಿ. 50 ಮೀಟರ್ ಎತ್ತರಕ್ಕೆ ಇಳಿದು ನೇರ ಹಾರಿ. ಅಳತೆಯ ಕಡೆ ನೋಡದೆ ಎತ್ತರ ಊಹಿಸಿ, ಆಮೇಲೆ ಅಳತೆ ನೋಡಿ. ಮರ, ಕಂಬ, ಮನೆಗಳಿಂದ ಊಹೆ ಹತ್ತಿರ ಬಂದರೆ ಆ ನೆಲ ತನ್ನ ಕೆಲಸ ಮಾಡುತ್ತಿದೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಇದಕ್ಕೆ ಒಳ್ಳೆಯ ಉದಾಹರಣೆ. ಅದು ಉಪಗ್ರಹ ಮತ್ತು ವಿಮಾನದಿಂದ ತೆಗೆದ ಚಿತ್ರಗಳ ಮೇಲೆ ನಿಂತಿದೆ, ನಮ್ಮ ಊರುಗಳೂ ಸಿಗುತ್ತವೆ. ಮೂರು ಕಿಲೋಮೀಟರ್ ಮೇಲಿಂದ ಉಸಿರು ಹಿಡಿಯುವಷ್ಟು ಚೆಂದ. ಆದರೆ ಕೆಳಗೆ ಬಂದಾಗ ಹಲವು ಕಡೆ ಚಿತ್ರ ಚಪ್ಪಟೆ ಅನ್ನಿಸುತ್ತದೆ. ಫೋಟೋ ತೆಗೆದ ಹೊತ್ತಿನ ನೆರಳು ಅಲ್ಲೇ ಅಂಟಿಕೊಂಡಿರುತ್ತದೆ. ಅದರಲ್ಲಿ ಯುದ್ಧವೂ ಇಲ್ಲ, ಹಾಗಾಗಿ ನಿಮ್ಮ ಹೋಲಿಕೆಗೆ ಅಷ್ಟಾಗಿ ಬರುವುದಿಲ್ಲ.

ಏಸ್ ಕಾಂಬ್ಯಾಟ್ 7 ಸುಂದರವಾದ ಆಟ, ಅದರ ಮೋಡಗಳು ನನಗೂ ಇಷ್ಟ. ಆದರೆ ಅದು ಸಿನಿಮಾ ಕ್ಯಾಮೆರಾದ ಕಣ್ಣಿನಿಂದ ಲೋಕ ತೋರಿಸುತ್ತದೆ. ಸೂರ್ಯನ ಕಡೆ ತಿರುಗಿದರೆ ಲೆನ್ಸ್‌ನ ಬಣ್ಣದ ಉಂಗುರಗಳು ಬರುತ್ತವೆ. ಮನುಷ್ಯನ ಕಣ್ಣಿನಲ್ಲಿ ಅವು ಹುಟ್ಟುವುದಿಲ್ಲ. ಸ್ಫೋಟವನ್ನೂ ಹೀಗೇ ನೋಡಬೇಕು. ಸಾಮಾನ್ಯ ಬಾಂಬು ಸಿಡಿದಾಗ ಕ್ಷಣಮಾತ್ರದ ಮಿಂಚು, ಆಮೇಲೆ ಬೂದು ಅಥವಾ ಕಪ್ಪು ಧೂಳಿನ ಗೋಪುರ. ಉರಿಯುವ ಕಿತ್ತಳೆ ಬಣ್ಣದ ದೊಡ್ಡ ಉಂಡೆ ಬರಬೇಕಾದರೆ ಅಲ್ಲಿ ಇಂಧನ ಇರಬೇಕು. ಕ್ಷಿಪಣಿಯ ಹೊಗೆಯೂ ಅಷ್ಟೇ. ಗಾಳಿಯಿಂದ ಗಾಳಿಗೆ ಹಾರಿಸುವ ಸಣ್ಣ ಕ್ಷಿಪಣಿಯ ಮೋಟಾರ್ ಉರಿಯುವುದು ಕೆಲವೇ ಸೆಕೆಂಡು, ಉಳಿದ ದಾರಿಯನ್ನು ಅದು ಬರೀ ವೇಗದ ಮೇಲೆ ಸಾಗುತ್ತದೆ. ಗುರಿ ಮುಟ್ಟುವ ತನಕ ಬಿಳಿ ಗೆರೆ ಎಳೆಯುವ ಆಟ ನಿಮಗೆ ತಪ್ಪು ಪಾಠ ಹೇಳುತ್ತಿದೆ. ಯಾಕೆಂದರೆ ನಿಜವಾದ ಅಪಾಯ ಹೊಗೆ ನಿಂತ ಮೇಲೂ ಇರುತ್ತದೆ.

ಇನ್ನು ದೂರದ ವಿಮಾನ ಕಾಣದಿರುವ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜನ ಸುಮ್ನೆ ಕಾರ್ಡ್ ಬದಲಿಸಿ ನಿರಾಶರಾಗುವುದು ಇಲ್ಲೇ.

ಒಳ್ಳೆಯ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಸಣ್ಣ ವಿವರ ಗುರುತಿಸುತ್ತದೆ. ಮಿಗ್-21ರ ಉದ್ದ ಸುಮಾರು 15 ಮೀಟರ್. ಅದು 10 ಕಿ.ಮೀ. ದೂರದಲ್ಲಿ ಅಡ್ಡಲಾಗಿ ಹೋಗುತ್ತಿದ್ದರೆ ಕಣ್ಣಿಗೆ ಅಂಥ ಐದು ಭಾಗಗಳಷ್ಟು ಕಾಣುತ್ತದೆ. ಸಣ್ಣದೇ, ಆದರೆ ಗಾಳಿ ತಿಳಿಯಾಗಿದ್ದು ಎಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ಸಿಗುತ್ತದೆ. ಈಗ ನಿಮ್ಮ ಪರದೆಗೆ ಬನ್ನಿ. 24 ಇಂಚಿನ ಮಾನಿಟರ್‌ನಿಂದ 60 ಸೆಂ.ಮೀ. ದೂರ ಕೂತರೆ ಅದು ನಿಮ್ಮ ಕಣ್ಣಿನ ಮುಂದೆ ಸುಮಾರು 48 ಡಿಗ್ರಿ ತುಂಬುತ್ತದೆ. ಆಟ ಮಾತ್ರ ಕಾಕ್‌ಪಿಟ್ ಪೂರ್ತಿ ತೋರಿಸಲು 80, 90 ಡಿಗ್ರಿಯ ನೋಟವನ್ನು ಅದೇ ಜಾಗಕ್ಕೆ ತುರುಕುತ್ತದೆ. ಹಾಗಾಗಿ ಎಲ್ಲವೂ ಇರಬೇಕಾದ್ದರ ಸುಮಾರು ಅರ್ಧ ಗಾತ್ರಕ್ಕೆ ಬರುತ್ತದೆ. 1920 ಪಿಕ್ಸೆಲ್ ಅಗಲದ ಪರದೆಯಲ್ಲಿ 90 ಡಿಗ್ರಿ ಇಟ್ಟರೆ, 10 ಕಿ.ಮೀ. ದೂರದ ಆ ಮಿಗ್‌ಗೆ ಸಿಗುವುದು ಸುಮಾರು ಒಂದೂವರೆ ಪಿಕ್ಸೆಲ್! ಎದುರಿನಿಂದ ಬರುತ್ತಿದ್ದರೆ ಅದೂ ಇಲ್ಲ, ಏಕೆಂದರೆ ರೆಕ್ಕೆಯ ತುದಿಯಿಂದ ತುದಿಗೆ ಬರೀ ಏಳು ಮೀಟರ್ ಚಿಲ್ಲರೆ.

ಇದು ನಿಮ್ಮ ಕಣ್ಣಿನ ತಪ್ಪೂ ಅಲ್ಲ, ಕಾರ್ಡಿನ ತಪ್ಪೂ ಅಲ್ಲ. ಎಲ್ಲ ಆಟಗಳೂ ಇದಕ್ಕೆ ಒಂದಲ್ಲ ಒಂದು ಉಪಾಯ ಮಾಡಿಕೊಂಡಿವೆ. 1998ರಲ್ಲಿ ಬಂದ ಫಾಲ್ಕನ್ 4.0 ದೂರದ ವಿಮಾನಗಳನ್ನು ಬೇಕೆಂದೇ ಸ್ವಲ್ಪ ದೊಡ್ಡದಾಗಿ ಬರೆಯುತ್ತಿತ್ತು. ವಾರ್ ಥಂಡರ್ ತನ್ನ ರಿಯಲಿಸ್ಟಿಕ್ ಮೋಡ್‌ನಲ್ಲಿ ಹೆಸರಿನ ಗುರುತನ್ನೇ ತೂಗುಹಾಕುತ್ತದೆ. ಬೇರೆ ಆಟಗಳು ಚುಕ್ಕಿ ಇಡುತ್ತವೆ. ವಿಮಾನವನ್ನು ದೊಡ್ಡದು ಮಾಡಿದರೆ ಅದು ಸುಳ್ಳು ಅಂತ ಹಲವರ ವಾದ. ನನ್ನ ಅಭಿಪ್ರಾಯ ಬೇರೆ. ನಿಜವಾದ ಪೈಲಟ್‌ಗೆ ಅಷ್ಟು ದೂರದಲ್ಲಿ ಏನು ಗೊತ್ತಾಗುತ್ತದೋ ಅದು ನಿಮಗೂ ಗೊತ್ತಾಗಬೇಕು. ಅದಕ್ಕಾಗಿ ಪಿಕ್ಸೆಲ್ ಸ್ವಲ್ಪ ದಪ್ಪ ಮಾಡಿದರೆ ಅದು ನಿಜಕ್ಕೆ ಹತ್ತಿರದ ದಾರಿಯೇ. 4ಕೆ ಮಾನಿಟರ್ ತಂದ ಮೇಲೆ ಶತ್ರು ಇನ್ನೂ ಕಾಣುತ್ತಿಲ್ಲ ಅಂತ ಕೊರಗುವವರು ಇದ್ದಾರೆ. ಒಂದೇ ಪಿಕ್ಸೆಲ್‌ನ ಚುಕ್ಕಿ ಇಡುವ ಆಟದಲ್ಲಿ ಪಿಕ್ಸೆಲ್ ಸಣ್ಣದಾದಷ್ಟೂ ಚುಕ್ಕಿಯೂ ಸಣ್ಣದಾಗುತ್ತದೆ, ಅಲ್ವಾ?

ನೀವು ಮಾಡಬೇಕಾದ್ದು ಇಷ್ಟು. ಜೂಮ್‌ಗೆ ಕೈಗೆ ಸುಲಭವಾಗಿ ಸಿಗುವ ಒಂದು ಕೀ ಕೊಡಿ. ಹುಡುಕುವಾಗ ನೋಟವನ್ನು 45, 50 ಡಿಗ್ರಿಗೆ ಇಳಿಸಿ. ಅದು ಮೋಸವಲ್ಲ, ಆಗಲೇ ಪರದೆ ನಿಮ್ಮ ಕಣ್ಣಿನ ನಿಜವಾದ ಅಳತೆಗೆ ಬರುವುದು. ಯಲಹಂಕದ ಏರೋ ಇಂಡಿಯಾಗೆ ಹೋಗುವ ಅವಕಾಶ ಸಿಕ್ಕರೆ ಇನ್ನೊಂದು ಕೆಲಸ ಮಾಡಿ. ಪ್ರದರ್ಶನ ಮುಗಿಸಿ ದೂರ ಹೋಗುವ ಯುದ್ಧವಿಮಾನವನ್ನು ಕಣ್ಣಿನಲ್ಲೇ ಹಿಂಬಾಲಿಸಿ. ಎಷ್ಟು ಬೇಗ ಕರಗಿಹೋಗುತ್ತದೆ, ತಿರುಗಿದಾಗ ರೆಕ್ಕೆ ಬೆಳಕು ಹಿಡಿದು ಹೇಗೆ ಮತ್ತೆ ಮಿನುಗುತ್ತದೆ ಅಂತ ನೋಡಿ. ಆ ಮಿನುಗು ಆಟದಲ್ಲಿ ಇದೆಯೇ ಅನ್ನುವುದು ಗ್ರಾಫಿಕ್ಸ್ ಅಳೆಯಲು ನನಗೆ ಗೊತ್ತಿರುವ ಅತ್ಯುತ್ತಮ ಪರೀಕ್ಷೆಗಳಲ್ಲಿ ಒಂದು.

ಈಗ "ಕಷ್ಟ ಆದಷ್ಟೂ ನಿಜ" ಅನ್ನುವ ಮಾತು. ಇದು ತಪ್ಪು. ಎಫ್-16ನಲ್ಲಿ ಸ್ಟಿಕ್ (ವಿಮಾನ ನಡೆಸುವ ಹಿಡಿ) ಪೂರ್ತಿ ಎಳೆದರೂ ಕಂಪ್ಯೂಟರ್ 9 ಜಿ ಹತ್ತಿರ, ಅಂದರೆ ಮೈಭಾರ ಒಂಬತ್ತು ಪಟ್ಟು ಅನ್ನಿಸುವ ಹಂತದಲ್ಲಿ, ತಡೆಯುತ್ತದೆ. ವಿಮಾನ ಕೈತಪ್ಪದಂತೆ ನೋಡಿಕೊಳ್ಳಲೆಂದೇ ಅದನ್ನು ಹಾಗೆ ಕಟ್ಟಿದ್ದಾರೆ. ನಮ್ಮ ವಾಯುಪಡೆಯ ಮಿರಾಜ್ 2000 ಕೂಡ ಕಂಪ್ಯೂಟರ್ ನಡುವೆ ಇರುವ ವಿಮಾನವೇ. ಇವು ಆಟದಲ್ಲಿ ಸಲೀಸಾಗಿ ಹಾರಿದರೆ ಅದು ಸರಿಯಾದ ಲಕ್ಷಣ. ಕಷ್ಟ ಇರಬೇಕಾದ್ದು ಬೇರೆ ಕಡೆ, ರೇಡಾರ್, ಆಯುಧ, ಗಮನ ಎಲ್ಲವನ್ನೂ ಒಟ್ಟಿಗೆ ನಿಭಾಯಿಸುವುದರಲ್ಲಿ. ಮಿಗ್-21 ಹಾಗಲ್ಲ, ಅದು ಹಳೆಯ ಕಾಲದ, ಕಂಪ್ಯೂಟರ್ ನಡುವೆ ಇಲ್ಲದ ವಿಮಾನ, ತಪ್ಪು ಮಾಡಿದರೆ ತಪ್ಪು ತೋರಿಸುತ್ತದೆ. ಪ್ರತಿ ವಿಮಾನಕ್ಕೂ ತನ್ನದೇ ಆದ ಕಷ್ಟದ ಜಾಗ ಇರುತ್ತದೆ. ಆ ಜಾಗದಲ್ಲೇ ಆಟವೂ ಕಷ್ಟ ಕೊಡುತ್ತದೆಯೇ ಅಂತ ನೋಡಬೇಕು.

ಮೊದಲು ಗಡಿಯಾರ ಇಟ್ಟುಕೊಂಡು ಒಂದು ಪರೀಕ್ಷೆ ಮಾಡಿ. ನೆಲದಿಂದ 500 ಮೀಟರ್ ಎತ್ತರದಲ್ಲಿ, ಗಾಳಿ ಇಲ್ಲದ ಹವಾಮಾನ ಇಟ್ಟು, ಗಂಟೆಗೆ 720 ಕಿ.ಮೀ. ವೇಗ ಹಿಡಿಯಿರಿ. ರೆಕ್ಕೆಯನ್ನು 60 ಡಿಗ್ರಿ ವಾಲಿಸಿ, ಎತ್ತರವೂ ವೇಗವೂ ಬದಲಾಗದಂತೆ ಒಂದು ಸುತ್ತು ಹೊಡೆಯಿರಿ. ಜಿ ಅಳತೆ 2 ತೋರಿಸಬೇಕು. ಸುತ್ತು ಮುಗಿಯಲು ಸುಮಾರು 74 ಸೆಕೆಂಡ್ ಹಿಡಿಯಬೇಕು. ಗಂಟೆಗೆ 360 ಕಿ.ಮೀ. ವೇಗದಲ್ಲಾದರೆ 37 ಸೆಕೆಂಡ್. ಯಾವ ವಿಮಾನವಾದರೂ ಉತ್ತರ ಒಂದೇ, ಯಾಕೆಂದರೆ ಇದು ಬರೀ ಭೌತಶಾಸ್ತ್ರ. ಇಂಜಿನಿಯರಿಂಗ್ ಓದುವ ನಿಮಗೆ ಲೆಕ್ಕ ಬಿಡಿಸುವುದು ಹತ್ತು ನಿಮಿಷದ ಕೆಲಸ. ಒಂದೆರಡು ಸೆಕೆಂಡ್ ಆಚೀಚೆ ಆದರೆ ಪರವಾಗಿಲ್ಲ. 40 ಸೆಕೆಂಡಿನಲ್ಲಿ ತಿರುಗಿಬಿಟ್ಟರೆ ಆ ಆಟಕ್ಕೆ ಭೌತಶಾಸ್ತ್ರ ಮುಖ್ಯವಲ್ಲ.

ಈ ಪರೀಕ್ಷೆ ಪಾಸಾದರೆ ಲೆಕ್ಕ ಸರಿ ಇದೆ ಅಂತ ಮಾತ್ರ ಅರ್ಥ. ವಿಮಾನದ ಗುಣ ಸರಿ ಇದೆಯೇ ಅಂತ ತಿಳಿಯಲು ಆ ವಿಮಾನದ ಹೆಸರಾಂತ ದೌರ್ಬಲ್ಯವನ್ನೇ ಕೆಣಕಬೇಕು. ಮಿಗ್-21ರದ್ದು ತ್ರಿಕೋನ ರೆಕ್ಕೆ. ಜೋರಾಗಿ ಎಳೆದರೆ ಮೊದಲು ಚೆನ್ನಾಗಿ ತಿರುಗುತ್ತದೆ, ಆದರೆ ವೇಗ ಕಣ್ಣ ಮುಂದೆಯೇ ಸೋರಿಹೋಗುತ್ತದೆ. ಸೋರದಿದ್ದರೆ ಅನುಮಾನ ಪಡಿ. ಇನ್ನೊಂದು, ಮಿಗ್-21 ಬಿಸ್‌ನ ಫ್ಲ್ಯಾಪ್‌ಗಳ (ರೆಕ್ಕೆಯ ಹಿಂದಂಚಿನಲ್ಲಿ ಕೆಳಗೆ ಮಡಚುವ ಹಲಗೆಗಳ) ಮೇಲೆ ಇಂಜಿನ್‌ನಿಂದ ಬಿಸಿ ಗಾಳಿ ಊದುವ ಎಸ್‌ಪಿಎಸ್ ಅನ್ನುವ ಏರ್ಪಾಡು ಇದೆ. ಇಳಿಯುವಾಗ ವಿಮಾನವನ್ನು ಎತ್ತಿ ಹಿಡಿಯುವುದರಲ್ಲಿ ಆ ಗಾಳಿಯ ಪಾಲು ದೊಡ್ಡದು. ರನ್‌ವೇ ಅಂಚು ದಾಟುವಾಗ ಗಂಟೆಗೆ 300 ಕಿ.ಮೀ. ಆಸುಪಾಸಿನಲ್ಲಿ ಇರುತ್ತೀರಿ. ಬೇರೆ ವಿಮಾನದ ಅಭ್ಯಾಸದಂತೆ ಅಲ್ಲೇ ಇಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆದು ನೋಡಿ. ಇಂಜಿನ್ ಇಳಿಯಿತು, ಊದುವ ಗಾಳಿ ನಿಂತಿತು, ವಿಮಾನ ಕಲ್ಲಿನ ಹಾಗೆ ಕೂತುಬಿಡಬೇಕು. ಡಿಸಿಎಸ್‌ನ ಮಿಗ್ ಇದನ್ನು ತೋರಿಸುತ್ತದೆ. ಚಕ್ರ ನೆಲ ಮುಟ್ಟುವ ತನಕ ಥ್ರಾಟಲ್ ಸ್ವಲ್ಪ ಹಿಡಿದುಕೊಂಡೇ ಇರಬೇಕು ಅಂತ ಕೈಗೆ ತಾನಾಗಿ ಕಲಿಸುತ್ತದೆ.

ಎರಡನೇ ಮಹಾಯುದ್ಧದ ವಿಮಾನಗಳಿಗೂ ಇಂಥದೊಂದು ಇದೆ. ಮೊದಲ ಸ್ಪಿಟ್‌ಫೈರ್‌ಗಳ ಮರ್ಲಿನ್ ಇಂಜಿನ್‌ನಲ್ಲಿ ಇಂಧನದ ಮಟ್ಟ ಕಾಯಲು ತೇಲುವ ಗುಂಡು (ಫ್ಲೋಟ್) ಇರುವ ಕಾರ್ಬ್ಯುರೇಟರ್ ಇತ್ತು. ಸ್ಟಿಕ್ ಮುಂದಕ್ಕೆ ತಳ್ಳಿ ಮೂಗು ಥಟ್ಟನೆ ಇಳಿಸಿದರೆ ಇಂಜಿನ್ ಕೆಮ್ಮುತ್ತಿತ್ತು. ಎದುರಾಳಿ ಮೆಸ್ಸರ್‌ಸ್ಮಿಟ್ 109ರಲ್ಲಿ ಇಂಧನ ನೇರ ಒಳಗೆ ಸಿಂಪಡಿಸುವ ವ್ಯವಸ್ಥೆ ಇದ್ದುದರಿಂದ ಅದಕ್ಕೆ ಈ ತೊಂದರೆ ಇರಲಿಲ್ಲ. 1941ರಲ್ಲಿ ಬೀಟ್ರಿಸ್ ಶಿಲ್ಲಿಂಗ್ ಅನ್ನುವ ಇಂಜಿನಿಯರ್ ಒಂದು ಪುಟ್ಟ ಲೋಹದ ಬಿಲ್ಲೆಯಿಂದ ಆ ಕಾಯಿಲೆಯನ್ನು ಬಹುಮಟ್ಟಿಗೆ ಹತೋಟಿಗೆ ತಂದರು. ಐಎಲ್-2 ಕ್ಲಿಫ್ಸ್ ಆಫ್ ಡೋವರ್ ಆಟದ ಆರಂಭಿಕ ಸ್ಪಿಟ್‌ಫೈರ್‌ನಲ್ಲಿ ಸ್ಟಿಕ್ ತಳ್ಳಿ, ಆ ಕೆಮ್ಮು ಕೇಳಿಸುತ್ತದೆ.

ಒಂದು ಎಚ್ಚರಿಕೆ. ಯಾವ ಆಟವೂ ಇವತ್ತಿನ ರೇಡಾರ್ ಮತ್ತು ಕ್ಷಿಪಣಿಗಳನ್ನು ಪೂರ್ತಿ ನಿಜವಾಗಿ ತೋರಿಸಲಾರದು, ಆ ಅಂಕಿ ಅಂಶಗಳು ಗುಟ್ಟು. 2021ರಿಂದ ಈಚೆಗೆ ವಾರ್ ಥಂಡರ್ ಆಟಗಾರರು ವಾದ ಗೆಲ್ಲಲು ಸೇನೆಯ ಗುಟ್ಟಿನ ಕಡತಗಳನ್ನೇ ಹೊರಗೆ ಹಾಕಿದ್ದು ಒಂದಕ್ಕಿಂತ ಹೆಚ್ಚು ಸಲ ನಡೆದಿದೆ. ದಯವಿಟ್ಟು ಚಿಕ್ಕಪ್ಪನವರ ಹತ್ತಿರ ಹಳೆಯ ಕೈಪಿಡಿ, ಟಿಪ್ಪಣಿ ಏನನ್ನೂ ಕೇಳಬೇಡಿ. ಆಟದ ವಾದಕ್ಕಾಗಿ ಅವರನ್ನು ಕಾನೂನಿನ ಮುಂದೆ ನಿಲ್ಲಿಸುವುದು ಬೇಡ.

ಇಳಿಯುವಾಗ ತೂಗಾಡುತ್ತದೆ ಅಂದಿರಿ. ಇದಕ್ಕೆ ಎರಡು ಕಾರಣ ಒಟ್ಟಿಗೆ ಸೇರಿವೆ ಅಂತ ನನ್ನ ಅನುಮಾನ. ಒಂದು ಕೀಬೋರ್ಡ್. ಕೀ ಒತ್ತಿದರೆ ಪೂರ್ತಿ, ಬಿಟ್ಟರೆ ಇಲ್ಲ, ನಡುವೆ ಏನೂ ಇಲ್ಲ. ಮೌಸ್ ಹಿಡಿದು ವಾರ್ ಥಂಡರ್ ಆಡಿದಾಗ ಸಲೀಸಾಗಿತ್ತು, ಯಾಕೆಂದರೆ ಅಲ್ಲಿ ನೀವು ಕಡೆ ತೋರಿಸುತ್ತೀರಿ, ಹಾರಿಸುವುದು ಆಟದೊಳಗಿನ ಸಹಾಯಕ. ಇನ್ನೊಂದು ಕಾರಣ ವಿಳಂಬ. ಕೈ ಆಡಿಸಿದ್ದಕ್ಕೂ ಚಿತ್ರ ಬದಲಾಗುವುದಕ್ಕೂ ನಡುವೆ ಹೊತ್ತು ಜಾಸ್ತಿಯಾದರೆ, ನೀವು ಕಾಯದೆ ಇನ್ನಷ್ಟು ಎಳೆಯುತ್ತೀರಿ. ಆಮೇಲೆ ಅತಿಯಾಯಿತು ಅಂತ ತಳ್ಳುತ್ತೀರಿ. ತೂಗಾಟ ಶುರುವಾಗುವುದು ಹಾಗೆ. ನಿಜವಾದ ಪೈಲಟ್‌ಗಳಿಗೂ ಇದು ಆಗುತ್ತದೆ. ಅದಕ್ಕೇ ವಿಮಾನಯಾನ ತರಬೇತಿಯ ಉನ್ನತ ದರ್ಜೆಯ ಸಿಮ್ಯುಲೇಟರ್‌ಗಳಲ್ಲಿ ಈ ವಿಳಂಬಕ್ಕೆ 100ರಿಂದ 150 ಮಿಲಿಸೆಕೆಂಡಿನ ಕಟ್ಟುನಿಟ್ಟಾದ ಮಿತಿ ಇಟ್ಟಿದ್ದಾರೆ. ಮನೆಯ ಕಂಪ್ಯೂಟರ್‌ನಲ್ಲಿ ಎಲ್ಲ ಸೆಟ್ಟಿಂಗ್ ಮೇಲಕ್ಕೆ ಏರಿಸಿ, ಪರದೆ ಸೆಕೆಂಡಿಗೆ ಬದಲಿಸುವ ಚಿತ್ರಗಳ ಎಣಿಕೆ 25 ಫ್ರೇಮ್‌ಗೆ ಬಂದರೆ ಒಂದು ಫ್ರೇಮಿಗೇ 40 ಮಿಲಿಸೆಕೆಂಡ್ ಹೋಯಿತು. ಆಗ ವಿಮಾನದ ಮಾದರಿ ಎಷ್ಟೇ ಸರಿ ಇದ್ದರೂ ಕೈಗೆ ಸುಳ್ಳು ಅನ್ನಿಸುತ್ತದೆ.

ಹಾಗಾಗಿ ಸೆಟ್ಟಿಂಗ್‌ನಲ್ಲಿ ಚೆಂದ ಕಡಿಮೆ ಮಾಡಿ, ನಿಲುಗಡೆಯಿಲ್ಲದ 60 ಫ್ರೇಮ್ ತನ್ನಿ. ನೆರಳು, ಮೋಡದ ಗುಣಮಟ್ಟ ಇಳಿಸಿ. ಕಾಕ್‌ಪಿಟ್ ಕನ್ನಡಿಗಳನ್ನು ಆರಿಸಿ, ಅವು ಇಡೀ ಲೋಕವನ್ನು ಇನ್ನೊಂದು ಸಲ ಬರೆಸುತ್ತವೆ. ಕಾಕ್‌ಪಿಟ್‌ನ ಅಕ್ಷರಗಳು ಓದಲು ಬರುವಷ್ಟು ಟೆಕ್ಸ್ಚರ್ (ಮೇಲ್ಮೈ ಚಿತ್ರದ ವಿವರ) ಇರಲಿ, ನೋಟದ ದೂರ ಕಡಿಮೆ ಮಾಡಬೇಡಿ.

ದುಡ್ಡು ಹಾಕುವ ಕ್ರಮ ಹೀಗಿರಲಿ. ಮೊದಲು ಒಂದು ಸಾಧಾರಣ ಜಾಯ್‌ಸ್ಟಿಕ್, ಹಿಡಿ ತಿರುಗಿಸಿದರೆ ರಡ್ಡರ್ (ಬಾಲದ ಚುಕ್ಕಾಣಿ) ಕೆಲಸ ಮಾಡುವಂಥದ್ದು. ನಂತರ ತಲೆಯ ಚಲನೆ ಹಿಡಿಯುವ ಏರ್ಪಾಡು. ಓಪನ್‌ಟ್ರ್ಯಾಕ್ ಅನ್ನುವ ಉಚಿತ ತಂತ್ರಾಂಶ ಮಾಮೂಲಿ ವೆಬ್‌ಕ್ಯಾಮ್‌ನಿಂದಲೇ ಈ ಕೆಲಸ ಮಾಡುತ್ತದೆ, ಮೊದಲು ಅದನ್ನೇ ನೋಡಿ. ತಲೆ ತಿರುಗಿಸಿ ಶತ್ರುವನ್ನು ಹಿಂಬಾಲಿಸಲು ಆದ ದಿನ ನಿಮಗೆ ಆಟವೇ ಬದಲಾದಂತೆ ಅನ್ನಿಸುತ್ತದೆ. ಇವೆರಡಾದ ಮೇಲೂ 60 ಫ್ರೇಮ್ ಸಿಗದಿದ್ದರೆ ಆಗ ಕಾರ್ಡ್ ಬಗ್ಗೆ ಯೋಚಿಸಿ. ಅದಕ್ಕೂ ಮುಂಚೆ ರ‍್ಯಾಮ್ ಮತ್ತು ಎಸ್ಎಸ್‌ಡಿ ನೋಡಿಕೊಳ್ಳಿ, ಡಿಸಿಎಸ್ 100 ಜಿಬಿಗಿಂತ ಜಾಸ್ತಿ ಜಾಗ ಸುಲಭವಾಗಿ ನುಂಗುತ್ತದೆ. ವಿಆರ್ ಕನ್ನಡಕದ ಆಸೆ ಬಂದರೆ ಯಾರದ್ದಾದರೂ ಎರವಲು ಪಡೆದು ಅರ್ಧ ಗಂಟೆ ಹಾರಿಸಿ ನೋಡಿ. ಅಳತೆಯ ಅನುಭವ ಅದರಲ್ಲಿ ಸಿಗುವಷ್ಟು ಮಾನಿಟರ್‌ನಲ್ಲಿ ಸಿಗದು, ಆದರೆ ಕೆಲವರಿಗೆ ತಲೆಸುತ್ತು, ವಾಕರಿಕೆ ಬರುತ್ತದೆ. ಕಾರ್ಡ್ ಮೇಲೆ ಅದು ಹಾಕುವ ಹೊರೆಯೂ ದೊಡ್ಡದು.

ಯಾವ ಆಟ ಅಂದರೆ, ಒಂದೊಂದರ ಬಲ ಬೇರೆ. ಡಿಸಿಎಸ್‌ನ ಬಲ ಒಂದೊಂದು ವಿಮಾನದ ಒಳಗಿನ ವ್ಯವಸ್ಥೆಗಳು. ಸುಖೋಯ್-25ಟಿ ವಿಮಾನ ಉಚಿತ, ಬಿಡಿಬಿಡಿಯಾಗಿ ಮಾರುವ ಬಹುಪಾಲು ಮಾಡ್ಯೂಲ್‌ಗಳನ್ನು 14 ದಿನ ಪರೀಕ್ಷಿಸಲು ಕೊಡುತ್ತಾರೆ. ಅದರ ಅಪಾಯ, ಒಂದು ವಿಮಾನ ಕಲಿಯುವ ಮೊದಲೇ ಇನ್ನೊಂದು ಕೊಳ್ಳುವ ಆಸೆ. ಐಎಲ್-2 ಗ್ರೇಟ್ ಬ್ಯಾಟಲ್ಸ್ ಸಾಧಾರಣ ಕಂಪ್ಯೂಟರ್‌ನಲ್ಲೂ ಚೆನ್ನಾಗಿ ಓಡುತ್ತದೆ, ಗಾಳಿಯ ಅನುಭವ ಕೊಡುವುದರಲ್ಲಿ ಗಟ್ಟಿ. ಫಾಲ್ಕನ್ ಬಿಎಂಎಸ್ ನೋಡಲು ಹಳೆಯದು ಅನ್ನಿಸಬಹುದು, ಆದರೆ ನೀವು ಇಲ್ಲದಿದ್ದರೂ ತನ್ನ ಪಾಡಿಗೆ ನಡೆಯುವ ಯುದ್ಧ ಅದರಲ್ಲಿದೆ. ಅದಕ್ಕೆ ಮೂಲ ಫಾಲ್ಕನ್ 4.0 ಕೊಂಡಿರಬೇಕು. ವಾರ್ ಥಂಡರ್ ಬಿಡಬೇಕಿಲ್ಲ, ಅದರ ಸಿಮ್ಯುಲೇಟರ್ ಮೋಡ್‌ನಲ್ಲಿ ಜಾಯ್‌ಸ್ಟಿಕ್ ಹಿಡಿದು ಕೂತರೆ ಬೇರೆಯೇ ಆಟ.

ಇನ್ನು ಚಿಕ್ಕಪ್ಪನವರು. ಅವರು ಹೇಳಿದ್ದು ಸರಿ ಇರಬಹುದು, ಆಟವೂ ಸರಿ ಇರಬಹುದು. ಅವರು ವರ್ಷಗಟ್ಟಲೆ ಆ ಇಂಜಿನ್ ಕೇಳಿದ್ದು ಹೊರಗೆ ನಿಂತು. ಕಾಕ್‌ಪಿಟ್ ಮುಚ್ಚಿ ಹೆಲ್ಮೆಟ್ ಹಾಕಿದವನಿಗೆ ಕೇಳುವುದು ಬೇರೆ, ಗಾಳಿ ಒತ್ತುವ ಸದ್ದು, ರೇಡಿಯೋ, ತನ್ನದೇ ಉಸಿರು. ಅವರು ಕೆಲಸ ಮಾಡಿದ್ದು ಯಾವ ಮಾದರಿಯ ಮೇಲೆ ಅಂತಲೂ ಕೇಳಿ. 1963ರಿಂದ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡುವ ತನಕ ನಮ್ಮಲ್ಲಿ ಮಿಗ್-21ರ ಹಲವು ಮಾದರಿಗಳು ಹಾರಿವೆ. ಕೊನೆಯದು ಬೈಸನ್, ಅದರ ರೇಡಾರ್, ಕಾಕ್‌ಪಿಟ್ ಎಲ್ಲ ಹೊಸದು. ಡಿಸಿಎಸ್‌ನಲ್ಲಿ ಇರುವುದು ಆ ಬದಲಾವಣೆಗಿಂತ ಹಿಂದಿನ ಬಿಸ್.

ಈ ಭಾನುವಾರ ಅವರನ್ನು ಇನ್ನೊಮ್ಮೆ ಕೂರಿಸಿ. ಈ ಸಲ ಯುದ್ಧ ತೋರಿಸಬೇಡಿ. ಹೊರಗಿನ ಕ್ಯಾಮೆರಾ ಹಾಕಿ ಒಳ್ಳೆಯ ಹೆಡ್‌ಫೋನ್ ಕೊಡಿ, ಇಂಜಿನ್ ಶುರು ಮಾಡಿ. ಆಮೇಲೆ ವಿಮಾನ ಇಳಿಸಿ, ಬಾಲದ ಪ್ಯಾರಾಚೂಟ್ ಬಿಚ್ಚಿಕೊಳ್ಳುವುದನ್ನು ಅವರಿಗೆ ತೋರಿಸಿ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಎಲ್ಲಿ ತಪ್ಪಿದೆ ಅಂತ ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ. ಜೊತೆಗೆ 74 ಸೆಕೆಂಡಿನ ಸುತ್ತು ನಿಮಗೆ ಎಷ್ಟು ಹೊತ್ತು ಹಿಡಿಯಿತು, ಈಗಿನ ಕಾರ್ಡ್ ಯಾವುದು, ಎಷ್ಟು ಫ್ರೇಮ್ ಬರುತ್ತಿದೆ ಅಂತ ಬರೆದು ಕಳಿಸಿ. ಅದನ್ನು ನೋಡಿ ಉಳಿದ ದುಡ್ಡಿನ ಬಗ್ಗೆ ಮಾತಾಡೋಣ.